ತೋಟದ ಮನೆಗೆ ಕೋವಿ: ಆರಿಸುವುದು, ಹೆಗಲಿಗೆ ಹೊಂದಿಸುವುದು, ಇಡುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಅಡೂರು, ಬಂದಡ್ಕದ ಕಡೆ ಅಡಿಕೆ ತೋಟದ ನಡುವಿನ ಮನೆಯಿಂದ ಕೂಗು ಹಾಕಿದರೆ ನೆರೆಮನೆಗೆ ಕೇಳಿಸುವುದು ಅಪರೂಪ. ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋಗಿ, ಮನೆಯಲ್ಲಿ ವಯಸ್ಸಾದ ಇಬ್ಬರೇ ಉಳಿದಾಗ ಒಂದು ಕೋವಿ ಇದ್ದರೆ ಧೈರ್ಯ ಎಂದು ಅನ್ನಿಸುವುದು ಸಹಜ. ಹಾಗೆ ಹೊರಟವರಲ್ಲಿ ಬಹಳಷ್ಟು ಮಂದಿ ಯಾವ ಕಂಪೆನಿಯದು, ಎಷ್ಟು ಉದ್ದದ ನಳಿಗೆ ಎಂಬುದನ್ನೇ ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಅದು ತಮ್ಮ ಹೆಗಲಿಗೆ ಕೂರುತ್ತದೆಯೇ, ತಂದ ಮೇಲೆ ಮನೆಯಲ್ಲಿ ಎಲ್ಲಿಡುವುದು ಎಂಬ ಎರಡು ಪ್ರಶ್ನೆಗಳನ್ನು ಕೊನೆಯ ದಿನಕ್ಕೆ ಬಿಡುತ್ತಾರೆ. ಕೆಲಸ ಕೆಡುವುದು ಹೆಚ್ಚಾಗಿ ಈ ಎರಡರಲ್ಲೇ.

ಮೊದಲು ಕಾಗದಪತ್ರ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ 21 ವರ್ಷ ತುಂಬಿದವರು ಎ-1 ನಮೂನೆಯಲ್ಲಿ ಅರ್ಜಿ ಹಾಕಬೇಕು. ವೈದ್ಯಕೀಯ ಪ್ರಮಾಣಪತ್ರ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಕೋವಿಯನ್ನು ಭದ್ರವಾಗಿ ಇಡುವ ಬಗ್ಗೆ ಮುಚ್ಚಳಿಕೆ ಜೊತೆಗಿರಬೇಕು. ಪೊಲೀಸ್ ವರದಿ ಬಂದ ಮೇಲೆ ವಿದ್ಯಾನಗರದ ಕಲೆಕ್ಟರೇಟಿನಲ್ಲಿ ತೀರ್ಮಾನವಾಗುತ್ತದೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಐದು ವರ್ಷ, ಒಬ್ಬರ ಹೆಸರಿನಲ್ಲಿ ಹೆಚ್ಚೆಂದರೆ ಎರಡು ಕೋವಿ. ಪಾಣತ್ತೂರು ದಾಟಿದರೆ ಸಿಗುವ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿ ನಮಗೂ ಅನ್ವಯಿಸುತ್ತದೆ ಎಂದು ನಂಬಿದವರು ಇನ್ನೂ ಇದ್ದಾರೆ. ಅದು ಗಡಿಯ ಈಚೆಗೆ ಇಲ್ಲ. ಹಾಗೆಯೇ ಪರವಾನಗಿಯಲ್ಲಿ ನಮೂದಾದ ವ್ಯಾಪ್ತಿಯನ್ನು ನೋಡದೆ ಸುಳ್ಯಕ್ಕೋ ಪುತ್ತೂರಿಗೋ ಕೋವಿ ಒಯ್ಯಬಾರದು.

ಇನ್ನೆರಡು ಸಂಗತಿಗಳನ್ನು ಅರ್ಜಿಗೆ ಮುನ್ನವೇ ತಿಳಿದಿರಬೇಕು. ಪರವಾನಗಿ ವ್ಯಕ್ತಿಗೆ ಕೊಡುವಂಥದ್ದು, ಮನೆಗಲ್ಲ. ಯಜಮಾನರು ಊರಲ್ಲಿ ಇಲ್ಲದ ದಿನ ಮನೆಯ ಉಳಿದವರ ಪಾಲಿಗೆ ಆ ಕೋವಿ ಇಲ್ಲದಂತೆಯೇ ಲೆಕ್ಕ. ಎರಡನೆಯದಾಗಿ, ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆಯಾದರೂ ಅದಕ್ಕೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂಬ ಮಿತಿಯನ್ನೂ ಹಾಕುತ್ತವೆ. ರಾತ್ರಿ ಬಾಗಿಲು ಮುರಿದು ಒಳನುಗ್ಗುವವನ ವಿಷಯ ಬೇರೆ. ಅಂಗಳದಿಂದ ಅಡಿಕೆ ಮೂಟೆ ಹೊತ್ತು ಓಡುವವನ ಬೆನ್ನಿಗೆ ಹೊಡೆದ ಈಡು ಆತ್ಮರಕ್ಷಣೆಯಾಗುವುದಿಲ್ಲ. ಈ ಕಾರಣಗಳಿಂದ, ಕೋವಿಗೆ ಕೈಹಾಕುವ ಮೊದಲು ಹಿಂಬಾಗಿಲಿಗೆ ಒಳ್ಳೆಯ ಅಗುಳಿ, ಮಲಗುವ ಕೋಣೆಯಿಂದಲೇ ಸ್ವಿಚ್ ಒತ್ತಬಹುದಾದ ಅಂಗಳದ ದೀಪ, ಅದಕ್ಕೆ ಇನ್ವರ್ಟರಿನ ಲೈನು, ಒಂದು ನಾಯಿ ಇವಿಷ್ಟನ್ನು ಮಾಡಿಕೊಳ್ಳಬೇಕೆಂದು ನಾನು ಒತ್ತಾಯಿಸುತ್ತೇನೆ. ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿ ಉರಿಯದ ದೀಪವಿದ್ದೂ ಪ್ರಯೋಜನವಿಲ್ಲ.

ಇನ್ನು ಆಯ್ಕೆ. 12 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಳತೆ), ಹೊರಗೆ ಕುದುರೆ (ಹೊಡೆಯುವ ಸುತ್ತಿಗೆ) ಕಾಣಿಸದ, ಜೋಡಿ ನಳಿಗೆಯ ತೋಟೆ (ಕಾರ್ಟ್ರಿಜ್) ಕೋವಿಯನ್ನೇ ಕೊಳ್ಳಿ. ಪಂಪ್ ಕೋವಿಯ ಮೇಲೆ ಯುವಕರಿಗೆ ಮೋಹವಿದೆ, ಆದರೆ ತೋಟೆಗಳನ್ನು ತುಂಬಿಡುವ ಅದರ ಕೊಳವೆಯಲ್ಲಿ ಒಂದು ತೋಟೆ ಮರೆತು ಉಳಿದರೆ ಹೊರಗಿನಿಂದ ತಿಳಿಯುವುದಿಲ್ಲ. ಜೋಡಿ ನಳಿಗೆಯನ್ನು ಮಡಚಿದರೆ ತುಂಬಿದೆಯೋ ಖಾಲಿಯೋ ಎಂಬುದು ಎದುರಿಗಿದ್ದವರಿಗೂ ಕಾಣುತ್ತದೆ. ಮೂತಿಯಿಂದ ಮದ್ದು ತುಂಬುವ ಕೇಪಿನ ಕೋವಿ ಮನೆಯ ರಕ್ಷಣೆಗೆ ತಕ್ಕುದಲ್ಲ. ನಳಿಗೆ 20 ಇಂಚಿಗಿಂತ ಕಡಿಮೆ ಇರಬಾರದೆಂದು ಕಾಯ್ದೆಯೇ ಹೇಳುತ್ತದೆ, ಉದ್ದದ ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡುವುದು ಅಪರಾಧ. ‘ಗರಗಸ ಹಾಕಿದರಾಯಿತು’ ಎನ್ನುವ ಸಲಹೆಗಾರರು ಎಲ್ಲ ಊರಿನಲ್ಲೂ ಇರುತ್ತಾರೆ, ಅವರಿಂದ ದೂರವಿರಿ.

ಅಜ್ಜನ ಕಾಲದ ಕೋವಿಯನ್ನು ಹೆಸರಿಗೆ ಮಾಡಿಸಿಕೊಳ್ಳುವವರೂ ಹಳೆಯದನ್ನು ಅಂಗಡಿಯಲ್ಲಿ ಕೊಳ್ಳುವವರೂ ಹೊಳಪು ನೋಡಿ ಮರುಳಾಗಬಾರದು. ಮೊದಲು ಅದನ್ನು ಮಡಚಿ ಖಾಲಿಯೆಂದು ಖಚಿತಪಡಿಸಿಕೊಂಡು, ನಳಿಗೆಯನ್ನು ಮುಚ್ಚಿ, ಮುಂಗೈ ಹಿಡಿಯುವ ಮರವನ್ನು ಕಳಚಿ ಮೆಲ್ಲಗೆ ಅಲುಗಾಡಿಸಿ. ಲಟಪಟ ಎಂದರೆ ಕೀಲು ಸವೆದಿದೆ. ಕೋವಿಯನ್ನು ಮಡಚಲು ತಿರುಗಿಸುವ ಮೇಲಿನ ಅಗುಳಿ, ಕೋವಿ ಮುಚ್ಚಿದಾಗ ನಡುಗೆರೆಯಿಂದ ತುಸು ಬಲಕ್ಕೆ ನಿಲ್ಲಬೇಕು. ಎಡಕ್ಕೆ ದಾಟಿದ್ದರೆ ಅದು ತುಂಬ ದುಡಿದ ಕೋವಿ. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ಕಣ್ಣಾಡಿಸುವಾಗ ಒಂದು ಕಪ್ಪು ಬಳೆಯಂಥ ನೆರಳು ಕಂಡರೆ ಅಲ್ಲಿ ಉಬ್ಬಿದೆ ಎಂದರ್ಥ, ಅಂಥದನ್ನು ಪುಕ್ಕಟೆ ಕೊಟ್ಟರೂ ಬೇಡ. ನಳಿಗೆಗಳನ್ನು ಬೇರ್ಪಡಿಸಿ ಬೆರಳಿನಲ್ಲಿ ತೂಗಿಸಿ ಮರದ ಕಡ್ಡಿಯಿಂದ ತಟ್ಟಿದಾಗ ಗಂಟೆಯ ನಾದ ಬರಬೇಕು. ಒಡಕು ಸದ್ದು ಬಂದರೆ ಎರಡರ ನಡುವಿನ ಬೆಸುಗೆ ಸಡಿಲಾಗಿದೆ. ಸುತ್ತುಸುತ್ತಾದ ಅಲೆಯ ಚಿತ್ತಾರವಿರುವ ಹಳೆಯ ಡಮಾಸ್ಕಸ್ ನಳಿಗೆ ನೋಡಲು ಸುಂದರ, ಇಂದಿನ ತೋಟೆಗೆ ಅಪಾಯಕರ.

ನಳಿಗೆಯ ಬುಡದಲ್ಲಿ ತೋಟೆ ಕೂರುವ ಕೋಣೆಯ ಉದ್ದವನ್ನು ಮಾತ್ರ ಎಂದಿಗೂ ಊಹಿಸಬೇಡಿ. ಹಳೆಯ ಕೋವಿಗಳಲ್ಲಿ ಅದು 65 ಮಿಲಿಮೀಟರ್ ಇರಬಹುದು, ಈಗಿನ ತೋಟೆಗಳು ಸಾಮಾನ್ಯವಾಗಿ 70. ತಮಾಷೆಯೆಂದರೆ ಹಾರಿಸದ 70ರ ತೋಟೆ ಹಳೆಯ ಕೋಣೆಯೊಳಗೆ ಸಲೀಸಾಗಿ ಕೂರುತ್ತದೆ, ಏಕೆಂದರೆ ಆ ಅಳತೆ ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟೆಯದು. ಬಿಚ್ಚಿಕೊಳ್ಳಲು ಜಾಗವಿಲ್ಲದೆ ಅದರ ಬಾಯಿ ನಳಿಗೆಯ ಕಿರಿದಾದ ಭಾಗಕ್ಕೆ ಚಾಚಿಕೊಂಡಾಗ ಒಳಗಿನ ಒತ್ತಡ ಏರುತ್ತದೆ. ‘ಸರಿಯಾಗಿ ಕೂತಿತು, ಆದೀತು’ ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ. ನಳಿಗೆಯ ತಳದ ಮುದ್ರೆಗಳನ್ನು ಓದಿ, ತಿಳಿಯದಿದ್ದರೆ ಪರವಾನಗಿಯುಳ್ಳ ಕೋವಿ ರಿಪೇರಿಯವರಲ್ಲಿ ಅಳತೆ ಮಾಡಿಸಿ.

ಈಗ ಬರುವುದು ನಮ್ಮವರು ಅತಿ ಹೆಚ್ಚು ಹಾಳುಗೆಡಹುವ ಹಂತ, ಅಂದರೆ ಕೋವಿಯನ್ನು ಮೈಗೆ ಹೊಂದಿಸುವುದು. ಅಂಗಡಿಯಾತ ಹಿಡಿಯ ತುದಿಯನ್ನು ನಿಮ್ಮ ಮೊಣಕೈ ಮಡಿಕೆಯಲ್ಲಿ ಇಟ್ಟು, ಬೆರಳು ಟ್ರಿಗರಿಗೆ ಮುಟ್ಟಿದರೆ ‘ಫಿಟ್’ ಎಂದು ಬಿಡುತ್ತಾನೆ. ಈ ಪರೀಕ್ಷೆ ನಿಮ್ಮ ಮುಂಗೈಯ ಉದ್ದವನ್ನು ಹೇಳುತ್ತದೆಯೇ ಹೊರತು ಕತ್ತು, ಎದೆ, ಕೆನ್ನೆಗಳ ಬಗ್ಗೆ ಏನೂ ಹೇಳುವುದಿಲ್ಲ. ಕಾರ್ಖಾನೆಯಿಂದ ಬರುವ ಹಿಡಿಗಳಲ್ಲಿ ಟ್ರಿಗರಿನಿಂದ ಹಿಂತುದಿಯವರೆಗೆ 14 ಇಂಚಿನ ಆಸುಪಾಸು ಇರುತ್ತದೆ. ಕುಳ್ಳಗಿನವರಿಗೆ ಅದು ಉದ್ದವಾಗಿ, ತುದಿ ಕಂಕುಳಿಗೆ ಸಿಕ್ಕಿ, ಈಡಿನ ಹಿನ್ನೂಕು ತೋಳಿನ ಮೇಲೆ ಬೀಳುತ್ತದೆ. ಒಂದೇ ಈಡಿಗೆ ತೋಳು ನೀಲಿಗಟ್ಟಿಸಿಕೊಂಡವರು ಮತ್ತೆ ಅಭ್ಯಾಸಕ್ಕೆ ಬರುವುದಿಲ್ಲ.

ಸರಿಯಾದ ಕ್ರಮ ಹೀಗಿದೆ. ರಾತ್ರಿ ನೀವು ತೊಡುವ ಬಟ್ಟೆಯಲ್ಲೇ ಅಳತೆ ಮಾಡಬೇಕು, ಏಕೆಂದರೆ ಬನಿಯನಿಗೂ ದಪ್ಪ ಶರಟಿಗೂ ಅಳತೆಯಲ್ಲಿ ವ್ಯತ್ಯಾಸ ಬರುತ್ತದೆ. ಖಾಲಿ ಕೋವಿಯನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಯ ಮೇಲೆ ಒಂದು ಗುರುತನ್ನು ನೋಡಿ, ಕಣ್ಣು ಮುಚ್ಚಿ, ಕೋವಿಯನ್ನು ಮೊದಲು ಕೆನ್ನೆಗೆ ತಂದು ಆಮೇಲೆ ಹೆಗಲಿಗೆ ಕೂರಿಸಿ. ತಲೆಯನ್ನು ಕೋವಿಯ ಕಡೆಗೆ ಬಾಗಿಸಬೇಡಿ, ಕೋವಿಯೇ ತಲೆಯ ಬಳಿಗೆ ಬರಬೇಕು. ಕಣ್ಣು ತೆರೆದಾಗ ನಳಿಗೆಯ ತುದಿಯ ಮಣಿ ಗುರುತಿನ ಮೇಲೆ ಇದ್ದರೆ ಒಳ್ಳೆಯ ಲಕ್ಷಣ. ನಳಿಗೆಯ ಬೆನ್ನು ಉದ್ದಕ್ಕೂ ಕಾಣುತ್ತಿದ್ದರೆ ಕೆನ್ನೆ ಇಡುವ ಏಣು ಎತ್ತರವಾಯಿತು. ಮಣಿಯೇ ಕಾಣದೆ ಕಬ್ಬಿಣದ ಹಿಂಭಾಗ ಮಾತ್ರ ಕಂಡರೆ ತಗ್ಗಾಯಿತು. ಹಿಡಿದ ಕೈಯ ಹೆಬ್ಬೆರಳಿಗೂ ಮೂಗಿಗೂ ನಡುವೆ ಎರಡು ಮೂರು ಬೆರಳಿನಷ್ಟು ಅಂತರವಿರಬೇಕು. ಮೂಗು ತಾಗುವಂತಿದ್ದರೆ ಹಿಡಿ ಗಿಡ್ಡ. ಎರಡೂ ಕಣ್ಣು ತೆರೆದು ಬೆರಳನ್ನು ಆ ಗುರುತಿಗೆ ತೋರಿಸಿ ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಯಾವ ಕಣ್ಣು ಬಲವಾದದ್ದೆಂದು ತಿಳಿಯುತ್ತದೆ. ಬಲಗೈಯವರಿಗೆ ಎಡಗಣ್ಣು ಬಲವಾಗಿರುವುದುಂಟು, ಅವರು ಎಷ್ಟು ಗುರಿಯಿಟ್ಟರೂ ಈಡು ಎಡಕ್ಕೆ ಸರಿಯುತ್ತದೆ.

ಹಿಡಿಯನ್ನು ತುಂಡರಿಸಬೇಕಾಗಿ ಬಂದರೆ ಮನೆಯ ಬಾಗಿಲು ಮಾಡುವ ಆಚಾರಿಯವರ ಕೈಗೆ ಕೊಡಬೇಡಿ. ಕೋವಿ ರಿಪೇರಿಗೂ ಪರವಾನಗಿ ಬೇಕು, ಮೇಲಾಗಿ ಹಿಂತುದಿಯನ್ನು ಕೊಯ್ಯುವ ಕೋನ ತಪ್ಪಿದರೆ ಕೋವಿ ಹೆಗಲಿನಿಂದ ಜಾರುತ್ತದೆ. ಕೊಯ್ದ ತುಂಡನ್ನು ಕೇಳಿ ಪಡೆದು ಇಟ್ಟುಕೊಳ್ಳಿ, ನಾಳೆ ಮಗನ ಹೆಸರಿಗೆ ಹೋದಾಗ ಬೇಕಾಗುತ್ತದೆ. ತುದಿಗೆ ಗಟ್ಟಿ ರಬ್ಬರಿನ ಮೆತ್ತೆ ಹಾಕಿಸಬಹುದು. ಅಗ್ಗದ ಸ್ಪಂಜಿನ ಮೆತ್ತೆಗಳು ನಮ್ಮ ಸೆಕೆಗೆ ಎರಡೇ ಬೇಸಗೆಯಲ್ಲಿ ಅಂಟಂಟಾಗಿ ಬಟ್ಟೆಗೆ ಹತ್ತಿಕೊಳ್ಳುತ್ತವೆ.

ಉಳಿದ ಅಲಂಕಾರಗಳಲ್ಲಿ ಹೆಚ್ಚಿನವು ಬೇಡ. ಹೆಗಲಪಟ್ಟಿ ತೋಟದಲ್ಲಿ ಅನುಕೂಲ, ಮನೆಯೊಳಗೆ ಚಿಲಕಕ್ಕೆ ಸಿಕ್ಕಿಕೊಳ್ಳುತ್ತದೆ, ಕಳಚಿಡಿ. ನಳಿಗೆಗೆ ಬಿಗಿಯುವ ಟಾರ್ಚನ್ನು ನಾನು ಒಪ್ಪುವುದಿಲ್ಲ. ನೋಡಬೇಕಾದ ಕಡೆಗೆಲ್ಲ ನಳಿಗೆಯನ್ನೂ ತಿರುಗಿಸಬೇಕಾಗುತ್ತದೆ, ನೋಡುತ್ತಿರುವುದು ರಾತ್ರಿ ಬಸ್ಸಿಳಿದು ಬಂದ ಅಳಿಯನನ್ನೂ ಆಗಿರಬಹುದು. ಕೆಂಪು ಚುಕ್ಕೆಯ ಲೇಸರ್ ಆಟಿಕೆ.

ತೋಟೆಯ ವಿಷಯದಲ್ಲಿ, ಒಳಗೆ ತುಂಬಿದ ಗುಂಡು ಅಂದರೆ ಚರೆ ದೊಡ್ಡದಿದ್ದಷ್ಟೂ ಉತ್ತಮವೆಂಬ ನಂಬಿಕೆ ಹಂದಿ ಬೇಟೆಯ ನೆನಪಿನಿಂದ ಬಂದದ್ದು. ಎಲ್.ಜಿ. ಎಂಬ ದೊಡ್ಡ ಚರೆ ಪ್ಲೈವುಡ್ ಬಾಗಿಲನ್ನು ತೂರಿ ಆಚೆ ಮಲಗಿದವರನ್ನು ತಾಗಬಲ್ಲುದು. ಕೋಣೆಯೊಳಗಿನ ದೂರಕ್ಕೆ 4 ಅಥವಾ 6 ನಂಬರಿನ ಸಣ್ಣ ಚರೆ ಸಾಕು. ಚರೆ ಬಲೆಯಂತೆ ಹರಡುವುದರಿಂದ ಗುರಿ ಬೇಕಿಲ್ಲ ಎಂಬುದೂ ತಪ್ಪು. ಸ್ಥೂಲವಾಗಿ ಒಂದು ಗಜಕ್ಕೆ ಒಂದು ಇಂಚಿನ ಲೆಕ್ಕದಲ್ಲಿ ಅದು ಹರಡುತ್ತದೆ, ಚಾವಡಿಯ ಅಗಲಕ್ಕೆ ಅಂಗೈಯಷ್ಟೂ ಆಗುವುದಿಲ್ಲ.

ಮನೆಯಲ್ಲಿ ಇಡುವ ಜಾಗ ಬಟ್ಟೆಯ ಕಪಾಟು ಅಲ್ಲ. ಅದರ ತಗಡು ತೆಳು, ಅದರ ಬೀಗದಕೈ ಎಲ್ಲಿರುತ್ತದೆಂದು ಮೊಮ್ಮಕ್ಕಳಿಗೂ ಗೊತ್ತು. ಕೋವಿಗೆಂದೇ ಮಾಡಿದ ದಪ್ಪ ಉಕ್ಕಿನ ಪೆಟ್ಟಿಗೆ ಬೇಕು, ಅದನ್ನು ಗೋಡೆಗೆ ಬಿಗಿಯಬೇಕು. ಇಲ್ಲೊಂದು ತೊಡಕಿದೆ: ನಮ್ಮ ಮನೆಗಳ ಮುರಕಲ್ಲಿಗೆ ಸಾಮಾನ್ಯ ಆಂಕರ್ ಬೋಲ್ಟ್ ಹೊಡೆದರೆ ಕಲ್ಲು ಪುಡಿಯಾಗಿ ಬೋಲ್ಟ್ ಕೈಯಲ್ಲೇ ಬರುತ್ತದೆ. ಗೋಡೆಯ ಆಚೆಗೆ ತೂತು ತೆಗೆದು ಹಿಂದೆ ಉಕ್ಕಿನ ಪಟ್ಟಿ ಕೊಟ್ಟು ಬಿಗಿಯಿರಿ, ಇಲ್ಲವೆ ಕಾಂಕ್ರೀಟಿನ ಬೆಲ್ಟಿಗೆ ಹಿಡಿಸಿ. ತೋಟೆಗಳು ಬೇರೆ ಬೀಗದೊಳಗೆ ಇರಲಿ, ಎರಡೂ ಬೀಗದಕೈ ಪರವಾನಗಿದಾರರ ಬಳಿಯಲ್ಲೇ ಇರಲಿ. ತುಂಬಿದ ಕೋವಿಯನ್ನು ಮಂಚದ ಬದಿಗೆ ಒರಗಿಸಿಡುವುದನ್ನು ಯಾವ ಕಾರಣಕ್ಕೂ ಮಾಡಬಾರದು. ಅನೇಕ ಜೋಡಿ ನಳಿಗೆಗಳ ಸೇಫ್ಟಿ ಟ್ರಿಗರನ್ನು ಮಾತ್ರ ತಡೆಯುತ್ತದೆ, ಬಿದ್ದ ಹೊಡೆತಕ್ಕೆ ಒಳಗಿನ ಸುತ್ತಿಗೆ ಜಾರುವುದನ್ನಲ್ಲ.

ನಮ್ಮ ಜಿಲ್ಲೆಯಲ್ಲಿ ಕೋವಿಯ ದೊಡ್ಡ ಶತ್ರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ. ತೊಗಲಿನ ಚೀಲದಲ್ಲಿ ಇಟ್ಟ ನಳಿಗೆಗೆ ಬೂಷ್ಟಿನ ಜೊತೆ ತುಕ್ಕೂ ಹಿಡಿಯುತ್ತದೆ. ತೆಂಗಿನೆಣ್ಣೆ ಸವರುವ ಪದ್ಧತಿಯನ್ನಂತೂ ಬಿಡಲೇಬೇಕು, ಅದು ಕ್ರಮೇಣ ಅಂಟಾಗಿ ಕೀಲುಗಳನ್ನು ಕಚ್ಚಿಸುತ್ತದೆ. ಕೋವಿಗೆಂದೇ ಸಿಗುವ ತೆಳು ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸಿದಷ್ಟು ಸಾಕು. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು ಆಗಾಗ ಒಣಗಿಸಿ.

ಚುನಾವಣೆ ಬಂದಾಗ ಕೋವಿಯನ್ನು ಠೇವಣಿ ಇಡುವಂತೆ ಆದೇಶವಾಗುವುದುಂಟು. ಕೊಡುವ ಮೊದಲು ಎಣ್ಣೆ ಸವರಿ, ನಂಬರನ್ನೂ ಇದ್ದ ಗೀರುಗಳನ್ನೂ ಬರೆದಿಟ್ಟುಕೊಂಡು, ರಶೀದಿ ಪಡೆಯಿರಿ. ಮರಳಿ ತಂದ ದಿನ ತೋಟೆ ಮುಟ್ಟುವ ಮೊದಲು ನಳಿಗೆಗಳನ್ನು ಬೇರ್ಪಡಿಸಿ ಬೆಳಕಿಗೆ ಹಿಡಿಯಿರಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಅಂಥ ತೂತು ಬಲು ಇಷ್ಟ, ಆ ಒಣ ಮಣ್ಣಿನ ಬಿರಡೆಯನ್ನು ನೋಡದೆ ಹಾರಿಸಿದರೆ ನಳಿಗೆ ಸೀಳುತ್ತದೆ. ಕಡ್ಡಿಗೆ ಕಂಚಿನ ಬ್ರಷ್ ಸಿಕ್ಕಿಸಿ, ತೋಟೆ ಹಾಕುವ ಕಡೆಯಿಂದ ಮೂತಿಯ ಕಡೆಗೆ ತಳ್ಳಿ ತೆಗೆಯಿರಿ, ಆಮೇಲೆ ಒಣಬಟ್ಟೆ, ಕೊನೆಗೆ ಎಣ್ಣೆಬಟ್ಟೆ.