ಅಡ್ವಾನ್ಸ್ ಕೈಗೆ ಬಂದಿದ್ದು ಅಧಿಕ ಮಾಸದಲ್ಲಿ

ಹನುಮಂತನಗರದ ಆ ಮನೆಗೆ ನಾವು ಹೋಗಿದ್ದು 2019ರ ಜೂನ್‌ನಲ್ಲಿ. ಮೊದಲ ಮಹಡಿ, ಎರಡು ರೂಮು, ಬಾಡಿಗೆ 16,000. ಅಡ್ವಾನ್ಸ್ ಹತ್ತು ತಿಂಗಳದ್ದು, 1,60,000. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಹತ್ತು ತಿಂಗಳು ಅಂದರೆ ಆಗ ಯಾರೂ ಹೌಹಾರುತ್ತಿರಲಿಲ್ಲ. ನಾವೂ ಬಳೆ ಅಡವಿಟ್ಟು ಹೊಂದಿಸಿ ಕೊಟ್ಟೆವು.

2023ರಲ್ಲಿ ನಮ್ಮವರ ಕೆಲಸ ಕೆಂಗೇರಿ ಕಡೆ ಹೋಯಿತು. ಮೇ 1ಕ್ಕೇ ಓನರ್ ಅಂಕಲ್‌ಗೆ ಹೇಳಿದೆವು, ಜೂನ್ ಕೊನೆಗೆ ಬಿಡುತ್ತೇವೆ ಅಂತ. ಬಾಯಲ್ಲಿ ಹೇಳಿದ್ದನ್ನೇ ವಾಟ್ಸಾಪ್‌ನಲ್ಲೂ ಬರೆದು ಹಾಕಿದೆ. ಆ ವರ್ಷ ಆಷಾಢ ಜೂನ್ 19ಕ್ಕೆ ಶುರು. ಅಷ್ಟರೊಳಗೆ ಹೊಸ ಮನೆಯಲ್ಲಿ ಹಾಲುಕ್ಕಿಸಲೇಬೇಕು ಅಂತ ಅತ್ತೆಯ ಹಟ. ಜೂನ್ ಮೊದಲ ವಾರವೇ ಸಾಮಾನು ಸಾಗಿಸಿದೆವು. ಹೊಸ ಮನೆಯ ಅಡ್ವಾನ್ಸಿಗೆ ಅಣ್ಣ ಚೀಟಿ ಎತ್ತಿ ಕೊಟ್ಟಿದ್ದ. ಹಳೇದು ಬಂದ ತಕ್ಷಣ ವಾಪಸ್ ಅಂತ ಮಾತು.

ಜೂನ್ 30ಕ್ಕೆ ಮನೆ ಗುಡಿಸಿ ಒರೆಸಿ, ಕೀ ತಗೊಂಡು ಹೋದೆ. ಅಂಕಲ್ ಕಾಫಿ ಕೊಡಿಸಿದರು. "ನೋಡಮ್ಮ, ಹೊಸಬ್ರು ಬರ್ಲಿ, ಅವ್ರ ಅಡ್ವಾನ್ಸ್ ಕೈಗೆ ಬಂದ ದಿನಾನೇ ನಿಂದು ಕೊಟ್ಬಿಡ್ತೀನಿ" ಅಂದರು. ನಾನು ತಲೆಯಾಡಿಸಿ ಎರಡೂ ಕೀ ಮೇಜಿನ ಮೇಲಿಟ್ಟು ಬಂದೆ. ಅದು ನಾನು ಮಾಡಿದ ದೊಡ್ಡ ತಪ್ಪು. ಬರಬೇಕಾದ್ದು ಎಷ್ಟು, ಯಾವಾಗ ಅಂತ ಒಂದು ಸಾಲೂ ಬರೆಸಿಕೊಂಡಿರಲಿಲ್ಲ. "ಒಂದು ಚಾಪೆ, ಒಂದು ಬಕೆಟ್ ಬಿಟ್ಟು ಬೀಗ ಹಾಕ್ಕೊಂಡು ಬಾ, ದುಡ್ಡು ಬರೋವರೆಗೂ ಕೀ ಕೊಡ್ಬೇಡ" ಅಂತ ಮಾವ ಹೇಳಿದ್ದರು. ಅದು ಸರಿ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಕೀ ನಮ್ಮ ಹತ್ತಿರ ಇದ್ದಷ್ಟು ದಿನ ಬಾಡಿಗೆ ಓಡುತ್ತಿದೆ ಅಂತ ಅವರು ವಾದ ಮಾಡಬಹುದು, ಅಲ್ವಾ?

ಒಂದು ಜಾಣತನ ಮಾತ್ರ ಮಾಡಿದ್ದೆ. ಜೂನ್ ಬಾಡಿಗೆ ಅಡ್ವಾನ್ಸ್‌ನಲ್ಲೇ ಮುರಿದುಕೊಳ್ಳಿ ಅಂದಿದ್ದೆ, ಒಪ್ಪಿದ್ದರು. ಮೇ ತಿಂಗಳದ್ದಕ್ಕೂ ಕೇಳಿದ್ದೆ, ಅದಕ್ಕೆ ಒಪ್ಪಲಿಲ್ಲ. ಮನೆಯಲ್ಲಿ ಇರುವಾಗಲೇ ಮುರಿಸಿದಷ್ಟು ಒಳ್ಳೆಯದು. ಬಿಟ್ಟ ಮೇಲೆ ಕೇಳುವುದು ಬೇರೆಯೇ ಕೆಲಸ.

ಜುಲೈ ಮಧ್ಯದಲ್ಲಿ ಹೋದರೆ ಗೇಟಿಗೆ ಟು-ಲೆಟ್ ಬೋರ್ಡು ಹಾಗೇ ನೇತಾಡುತ್ತಿತ್ತು. ಆಷಾಢದಲ್ಲಿ ಮನೆ ನೋಡುವುದಕ್ಕೂ ಯಾರೂ ಬರ್ತಿಲ್ಲ, ಶ್ರಾವಣ ಬರಲಿ ಅಂದರು. ಮನೆಗೆ ಬಂದು ಕ್ಯಾಲೆಂಡರ್ ನೋಡಿದೆ. ಜುಲೈ 18ರಿಂದ ಅಧಿಕ ಶ್ರಾವಣ! ನಿಜ ಶ್ರಾವಣ ಆಗಸ್ಟ್ 17ಕ್ಕೆ. ಎರಡು ಶೂನ್ಯ ತಿಂಗಳು ಸಾಲಾಗಿ. ನನ್ನ ಹಣೆಬರಹ.

ಗೆಳತಿಯ ಗಂಡ ವಕೀಲರು. ಅವರನ್ನು ಕೇಳಿದೆ. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು ಇದೆ, ಆದರೆ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ದಾಟಿದ ಮನೆಗೆ ಅದು ಬರುವುದಿಲ್ಲ ಅಂದರು. 3,500ಕ್ಕೆ ಈಗ ಬೈಕ್ ನಿಲ್ಲಿಸಲು ಜಾಗ ಸಿಕ್ಕಿದರೆ ಹೆಚ್ಚು. ಮನೆಗೆ ಎರಡೇ ತಿಂಗಳ ಅಡ್ವಾನ್ಸ್ ಅಂತ ಕೇಂದ್ರದ 2021ರ ಮಾದರಿ ಕಾಯ್ದೆ ಹೇಳುತ್ತದೆ, ಆದರೆ ಅದು ಮಾದರಿ. ರಾಜ್ಯ ತನ್ನದೇ ಕಾನೂನು ಮಾಡಿದರಷ್ಟೇ ಅದಕ್ಕೆ ಬೆಲೆ. ಪೊಲೀಸರ ಹತ್ತಿರ ಹೋದರೆ ಸಿವಿಲ್ ವಿಷಯ ಅಂತ ಕಳಿಸುತ್ತಾರೆ. ಉಳಿದದ್ದು ಲೀಗಲ್ ನೋಟಿಸ್, ಆಮೇಲೆ ಸಿವಿಲ್ ಕೋರ್ಟು. ದಾವೆ ಹಾಕಲು ಮೂರು ವರ್ಷ ಅವಕಾಶ ಇದೆ. "ನೋಟಿಸ್ ಬರ್ಕೊಡ್ತೀನಿ. ಆದ್ರೆ ಅವ್ರ ಹತ್ರ ದುಡ್ಡಿದ್ಯಾ, ಅದನ್ನ ಮೊದ್ಲು ನೋಡಿ" ಅಂದರು.

ಆ ಮಾತು ತಲೆಯಲ್ಲಿ ಕೂತಿತು. ಅಂಕಲ್ 2020ರಲ್ಲಿ ಎರಡನೇ ಮಹಡಿ ಕಟ್ಟಿಸಿದ್ದರು. ನಮ್ಮ ಅಡ್ವಾನ್ಸ್ ಮೋಲ್ಡಿಂಗ್ ಆಗಿ ನಮ್ಮ ತಲೆ ಮೇಲೇ ಇತ್ತು! ಅವರೇನು ಮೋಸಗಾರರಲ್ಲ. ದುಡ್ಡು ಇಟ್ಟುಕೊಂಡು ಕೊಡದೆ ಇದ್ದದ್ದಲ್ಲ, ಇಲ್ಲದೇ ಕೊಡದೆ ಇದ್ದದ್ದು. ಹೊಸ ಬಾಡಿಗೆದಾರರು ಬರುವವರೆಗೂ ನಮ್ಮ ದುಡ್ಡು ಅನ್ನುವುದು ಎಲ್ಲೂ ಇಲ್ಲ. ಹಾಗಾದರೆ ಅವರನ್ನು ಹುಡುಕುವ ಕೆಲಸವೂ ನಮ್ಮದೇ ಅಂದುಕೊಂಡೆ.

ಅದಕ್ಕೆ ಮೊದಲು ಲೆಕ್ಕ ಬಗೆಹರಿಸಬೇಕಿತ್ತು. ಅವರ ಪಟ್ಟಿ ನೋಡಿ ನಗು ಬಂತು, ಸಿಟ್ಟೂ ಬಂತು. ಪೇಂಟಿಂಗ್ 18,500. ಗೋಡೆಯ ಮೊಳೆ ತೂತಿಗೆ 6,000, ಅಡುಗೆಮನೆ ಗೋಡೆಯ ಎಣ್ಣೆ ಜಿಡ್ಡಿಗೆ 5,000, ಗೀಸರ್ 7,500, ವಾಶ್‌ಬೇಸಿನ್ 5,500. ಪೇಂಟಿಂಗ್‌ಗೆ ನಾನು ತಕರಾರು ಮಾಡಲಿಲ್ಲ. ಬಿಡುವಾಗಿನ ಒಂದು ತಿಂಗಳ ಬಾಡಿಗೆ ಅಂತ ಕರಾರಿನಲ್ಲೇ ಇತ್ತು, ಬಾಡಿಗೆ ಅಷ್ಟರಲ್ಲಿ 18,500 ಆಗಿತ್ತು. ಆದರೆ ಪೇಂಟಿಂಗ್ ದುಡ್ಡು ಕೊಟ್ಟ ಮೇಲೆ ಮೊಳೆ ತೂತಿಗೆ ಬೇರೆ, ಜಿಡ್ಡಿಗೆ ಬೇರೆ ಅಂದರೆ ಹೇಗೆ? ಪುಟ್ಟಿ ಹಚ್ಚದೆ, ಗೋಡೆ ಉಜ್ಜದೆ ಯಾರು ಬಣ್ಣ ಹೊಡೀತಾರೆ ಅಂಕಲ್ ಅಂತ ಕೇಳಿದೆ. ಉತ್ತರ ಬರಲಿಲ್ಲ. ಗೀಸರ್‌ಗೆ ಮನೆಗೆ ಬಂದ ದಿನ ತೆಗೆದ ಫೋಟೊ ತೋರಿಸಿದೆ. ಆಗಲೇ ಅದರ ಕೆಳಗೆ ತುಕ್ಕಿನ ಕಲೆ ಇಳಿದಿತ್ತು. ಬಳಸಿ ಸವೆದದ್ದಕ್ಕೆ ಬಾಡಿಗೆದಾರ ಹೊಣೆಯಲ್ಲ ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲೇ ಇದೆ ಅಂತ ವಕೀಲರು ಹೇಳಿಕೊಟ್ಟಿದ್ದರು. ಬ್ರಿಟಿಷರ ಕಾಲದ ಕಾಯ್ದೆ ಅಂದ ತಕ್ಷಣ ಅಂಕಲ್ ಸ್ವಲ್ಪ ಮೆತ್ತಗಾದರು. ವಾಶ್‌ಬೇಸಿನ್ ಮಾತ್ರ ನಮ್ಮ ಮಗ ಬ್ಯಾಟು ಬೀಳಿಸಿ ಒಡೆದದ್ದು. ಅದೇ ಸೈಜಿನ ಬೇಸಿನ್ ಬೆಲೆ ಕೇಳಿ, ಪ್ಲಂಬರ್ ಕೂಲಿ ಸೇರಿಸಿ 3,500ಕ್ಕೆ ಒಪ್ಪಿಸಿದೆ.

ಉಳಿದದ್ದು 1,19,500. ಅದನ್ನು ಅಲ್ಲೇ ಕೂತು ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಕಳಿಸಿದೆ. "ಸರಿ ಅಂತ ಒಂದ್ ಮಾತು ಹಾಕಿ ಅಂಕಲ್" ಅಂದೆ. ಕನ್ನಡಕ ಹುಡುಕಿ, "ಓಕೆ ಅಮ್ಮ" ಅಂತ ಹಾಕಿದರು. ನೋಟಿಸ್‌ಗಿಂತ ಆ ಎರಡು ಪದ ನನಗೆ ಜಾಸ್ತಿ ಕೆಲಸಕ್ಕೆ ಬಂತು.

ಆಮೇಲೆ ಬಾಡಿಗೆದಾರರ ಬೇಟೆ. ಮನೆಯ ಫೋಟೊ ನನ್ನ ಹತ್ತಿರ ಇತ್ತು. ನೀರು ಯಾವ ದಿನ ಬರುತ್ತೆ, ಬಿಸಿಲು ಎಲ್ಲಿ ಬೀಳುತ್ತೆ, ಯಾವ ನೆಟ್‌ವರ್ಕ್ ಸಿಗುತ್ತೆ, ಎಲ್ಲ ಬರೆದು ಗೊತ್ತಿದ್ದ ಗುಂಪುಗಳಿಗೆಲ್ಲ ಹಾಕಿದೆ. ನಾಲ್ಕು ವರ್ಷ ಇದ್ದವಳಷ್ಟು ಚೆನ್ನಾಗಿ ಬ್ರೋಕರ್ ಹೇಳಲಾರ. ಬಂದವರಲ್ಲಿ ಅರ್ಧ ಜನ "ನಿಜ ಶ್ರಾವಣಕ್ಕೆ ನೋಡೋಣ" ಅಂದರು. ಕೊನೆಗೆ ನಮ್ಮವರ ಸಹೋದ್ಯೋಗಿಯ ಕಡೆಯಿಂದ ಮಂಗಳೂರಿನ ಒಂದು ಕ್ರೈಸ್ತ ಕುಟುಂಬ ಸಿಕ್ಕಿತು. ಅವರಿಗೆ ಆಷಾಢವೂ ಇಲ್ಲ, ಅಧಿಕವೂ ಇಲ್ಲ. ಅಂಕಲ್ ಮೀನಿನ ವಾಸನೆ ಅಂತ ರಾಗ ಎಳೆದರು. ಆಂಟಿಯೇ ಒಳಗಿನಿಂದ, "ತಿಂಗ್ಳಿಗೆ 24,000 ಬರುತ್ತೆ, ಸುಮ್ನಿರಿ" ಅಂದರು. ಆ ವರ್ಷ ಬೆಂಗಳೂರಿನಲ್ಲಿ ಬಾಡಿಗೆ ಹಾಗೆ ಏರಿತ್ತು.

ಆಗಸ್ಟ್ ಮೊದಲ ವಾರ ಕರಾರಿಗೆ ಸಹಿ. ಕರೆಯದಿದ್ದರೂ ನಾನೂ ಹೋಗಿ ಕೂತೆ. ಅವರ ಅಡ್ವಾನ್ಸ್ 1,50,000 ಅಂಕಲ್ ಖಾತೆಗೆ ಬಂತು. ಅಲ್ಲಿಂದಲೇ ಅವರ ಮಗ ನನ್ನ ಖಾತೆಗೆ 1,19,500 ಹಾಕಿದ. ಮೆಸೇಜ್ ಬರುವವರೆಗೂ ನಾನು ಕುರ್ಚಿಯಿಂದ ಏಳಲಿಲ್ಲ. ಕೊಡಲು ತಡ ಮಾಡಬೇಕು ಅಂತ ಅವರಿಗೆ ಇತ್ತೋ ಇಲ್ಲವೋ ಗೊತ್ತಿಲ್ಲ. ಆದರೆ ಒಂದು ದಿನ ಕಳೆದಿದ್ದರೆ ಆ ದುಡ್ಡಿಗೆ ಬೇರೆ ದಾರಿ ಹುಟ್ಟಿಕೊಳ್ಳುತ್ತಿತ್ತು.

ಹೊರಡುವಾಗ ಮಂಗಳೂರಿನಾಕೆಯನ್ನು ಪಕ್ಕಕ್ಕೆ ಕರೆದು, ಸಾಮಾನು ಇಳಿಸುವ ಮೊದಲು ಎಲ್ಲ ಗೋಡೆ, ನಲ್ಲಿ, ಗೀಸರ್‌ನ ಫೋಟೊ ತೆಗೆದು ಅಂಕಲ್‌ಗೇ ಕಳಿಸಿ ಅಂದೆ. ಬಸ್ಸಿನಲ್ಲಿ ಕೂತು ಅಣ್ಣನಿಗೆ ದುಡ್ಡು ಹಾಕಿದೆ. ಅವನು ಎತ್ತಿದ ಚೀಟಿಯ ಕಂತು ಇನ್ನೂ ಹನ್ನೊಂದು ಬಾಕಿ ಇತ್ತಂತೆ.