1995ರ ಕಾಲೇಜು ಹುಡುಗ–ಹುಡುಗಿಯರಿಗೆ ವೇಷ ಹೊಂದಿಸುವ ಬಗೆ

ತೊಂಬತ್ತರ ದಶಕದ ಕಾಲೇಜು ಜೀವನವನ್ನು ನಾಟಕದಲ್ಲೋ ಕಿರುಚಿತ್ರದಲ್ಲೋ ತೋರಿಸಲು ಹೊರಟವರು ಮೊದಲು ಇಸವಿಯನ್ನೂ ಊರನ್ನೂ ಖಚಿತಪಡಿಸಿಕೊಳ್ಳಬೇಕು. 1991ರ ಜುಲೈನಲ್ಲಿ ಆರಂಭವಾದ ಆರ್ಥಿಕ ಉದಾರೀಕರಣದ ಫಲ ಅಂಗಡಿಯ ಕಪಾಟಿಗೆ ಬರಲು ಕೆಲವು ವರ್ಷಗಳೇ ಹಿಡಿದವು. ಲೀವೈಸ್, ರೀಬಾಕ್, ನೈಕಿ ಇಲ್ಲಿ ಕಾಲೂರಿದ್ದು 1995ರ ಆಸುಪಾಸಿನಲ್ಲಿ. 1992ರ ದೃಶ್ಯದಲ್ಲಿ ನಾಯಕನಿಗೆ ನೈಕಿ ಶೂ ತೊಡಿಸುವುದಾದರೆ, ಅದನ್ನು ಅಮೆರಿಕದಿಂದ ತಂದುಕೊಟ್ಟ ಸೋದರಮಾವನೊಬ್ಬನನ್ನೂ ಕಥೆಯಲ್ಲಿ ಸೃಷ್ಟಿಸಬೇಕಾಗುತ್ತದೆ.

ಹೆಚ್ಚಿನ ಗಮನ ಬೇಕಿರುವುದು ಪ್ಯಾಂಟಿಗೆ. ಹಾಸನ, ಶಿವಮೊಗ್ಗದಂಥ ಊರುಗಳಲ್ಲಿ ಬಟ್ಟೆ ಕೊಂಡು ದರ್ಜಿಯ ಬಳಿ ಹೊಲಿಸಿಕೊಳ್ಳುವ ರೂಢಿ ಇನ್ನೂ ಗಟ್ಟಿಯಾಗಿತ್ತು. ಇದನ್ನು ಅರಿತೇ ಅರವಿಂದ್ ಮಿಲ್ಸ್ 1995ರಲ್ಲಿ ಡೆನಿಮ್ ಬಟ್ಟೆ, ಜಿಪ್, ರಿವೆಟ್ಟುಗಳು (ಜೇಬಿನ ಮೂಲೆಗಳಿಗೆ ಬಡಿಯುವ ಲೋಹದ ಗುಂಡಿಗಳು) ಮತ್ತು ಹಿಂಬದಿಗೆ ಹಚ್ಚುವ ಲೇಬಲ್ ಎಲ್ಲವನ್ನೂ ಒಂದೇ ಪೊಟ್ಟಣದಲ್ಲಿಟ್ಟು, ‘ರಫ್ ಅಂಡ್ ಟಫ್’ ಎಂಬ ಹೆಸರಿನಲ್ಲಿ ಸುಮಾರು 195 ರೂಪಾಯಿಗೆ ಮಾರಿತು. ಬ್ರಾಂಡಿನ ಹೆಸರು ಕಂಪನಿಯದು, ಹೊಲಿಗೆ ನಮ್ಮ ಬೀದಿಯ ದರ್ಜಿಯದು. ಆದ್ದರಿಂದ ಇಂದಿನ ಬಿಗಿ ಜೀನ್ಸ್ ತರಿಸುವ ಬದಲು ದರ್ಜಿಯಿಂದಲೇ ಸೊಂಟದ ಮೇಲೆ ನಿಲ್ಲುವ, ತೊಡೆಯ ಬಳಿ ಸಡಿಲವಾದ ಪ್ಯಾಂಟ್ ಹೊಲಿಸಿ, ಒಂದಷ್ಟು ಸಲ ಒಗೆದು ಬಣ್ಣ ಮಾಸಿಸಿ. ಅಂಗಿಯನ್ನು ಇನ್‌ಶರ್ಟ್ ಮಾಡಿಸಿ. ಒಂದೇ ಜೀನ್ಸನ್ನು ವಾರವಿಡೀ ತೊಡುವುದು ಆಗ ಸಾಮಾನ್ಯವಾಗಿತ್ತಾದ್ದರಿಂದ, ದೃಶ್ಯ ಬದಲಾದರೂ ಪ್ಯಾಂಟ್ ಬದಲಾಗದಿದ್ದರೆ ಕಥೆಗೆ ಒಳ್ಳೆಯದೇ.

ಹುಡುಗಿಯರಿಗೆ ಸಡಿಲವಾದ ಚೂಡಿದಾರ್, ಎರಡೂ ಭುಜಗಳಿಗೆ ಪಿನ್ ಹಾಕಿದ ವೇಲ್ ಸಾಕು. ಆದರೆ ಸ್ಟಿಕ್ಕರ್ ಬೊಟ್ಟು, ಬಳೆ, ರಬ್ಬರ್ ಬ್ಯಾಂಡ್ ಉಡುಪಿನ ಬಣ್ಣಕ್ಕೆ ಹೊಂದಬೇಕು, ಏಕೆಂದರೆ ಕಡಿಮೆ ಹಣದಲ್ಲಿ ಮೆರೆಯುವ ದಾರಿಯೇ ಈ ‘ಮ್ಯಾಚಿಂಗ್’.

ದುಬಾರಿ ವಸ್ತುಗಳನ್ನು ಎಲ್ಲರಿಗೂ ಹಂಚಬೇಡಿ. ಇಡೀ ಗುಂಪಿಗೆ ಒಂದು ಯಮಹಾ ಆರ್‌ಎಕ್ಸ್ 100 ಬೈಕ್, ಕ್ಯಾಸೆಟ್ ಹಾಡು ಕೇಳುವ ಒಂದು ವಾಕ್‌ಮನ್ ಇರಲಿ, ಉಳಿದವರು ಅವನ್ನು ಎರವಲು ಕೇಳುತ್ತಿರಲಿ. ಆ ಪೀಳಿಗೆಯ ವಸ್ತುಮೋಹ ಕಾಣುವುದು ಈ ಕೇಳುವಿಕೆಯಲ್ಲೇ. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ತೆರೆದದ್ದು 1995ರಲ್ಲಿ, ಕೆಫೆ ಕಾಫಿ ಡೇ 1996ರಲ್ಲಿ. ಭೇಟಿಯ ಜಾಗವನ್ನು ಇದಕ್ಕನುಸಾರ ಆರಿಸಿ. ಒಳಬರುವ ಕರೆಗೂ ಹಣ ತೆರಬೇಕಿದ್ದ ಮೊಬೈಲ್ ವಿದ್ಯಾರ್ಥಿಗಳ ಕೈಯಲ್ಲಿ ಬೇಡ. ಹಣವಂತರ ಮಗನೆಂದು ತೋರಿಸಲೇಬೇಕಿದ್ದರೆ ಬೆಲ್ಟಿಗೊಂದು ಪೇಜರ್ (ಕಿರು ಸಂದೇಶ ತೋರಿಸುವ ಪುಟ್ಟ ಸಾಧನ) ಸಿಕ್ಕಿಸಿ.