ಪವರ್ ಕೈಟ್: ಜಾಗ ಸಾಲದಿದ್ದರೆ ದಾರ ಗಿಡ್ಡ ಮಾಡಿ

ಮಲ್ಪೆ ಬೀಚಿನಲ್ಲಿ ಭಾನುವಾರ ಸಂಜೆ ಪವರ್ ಕೈಟ್ (ಆಳನ್ನೇ ಎಳೆಯುವಷ್ಟು ಬಲದ ದೊಡ್ಡ ಗಾಳಿಪಟ) ಬಿಚ್ಚಲಿಕ್ಕೇ ಆಗುವುದಿಲ್ಲ ಮಾರಾಯ್ರೆ, ಅಷ್ಟು ಜನ. ಪಣಂಬೂರಿನದ್ದೂ ಅದೇ ಕಥೆ. ಹಾಗಂತ ಬೇಜಾರಾಗಿ ಮೂಲೆಗೆ ಹಾಕಬೇಡಿ. ಇದ್ದ ಎರಡು-ಮೂರು ಚದರ ಮೀಟರಿನ ಕೈಟಿನಲ್ಲೇ ಕಲಿಯಲಿಕ್ಕೆ ಬೇಕಾದಷ್ಟು ಉಂಟು.

20-25 ಮೀಟರಿನ ದಾರ ತೆಗೆದು 10-12 ಮೀಟರಿನದ್ದು ಹಾಕಿ. ಕೈಟಿಗೆ ಬೇಕಾದ ಜಾಗ ಅರ್ಧಕ್ಕಿಳಿಯುತ್ತದೆ, ನಿಮಗೆ ಯೋಚಿಸಲು ಸಿಗುವ ಸಮಯವೂ ಅಷ್ಟೇ! ಸ್ವಲ್ಪ ಮೈಮರೆತರೆ ಕೈಟಿನ ಮೂಗು ಮರಳಿಗೆ. ದಾರಗಳೆಲ್ಲ ಸರಿಯಾಗಿ ಅಳತೆಯಲ್ಲಿರಲಿ. ಹಳೆಯದನ್ನು ನಡುವೆ ಗಂಟು ಹಾಕಿ ಗಿಡ್ಡ ಮಾಡಬೇಡಿ, ಜೋರು ಗಾಳಿಗೆ ಗಂಟಿನಲ್ಲೇ ತುಂಡಾಗುತ್ತದೆ.

ನಾಲ್ಕು ದಾರದ್ದಾದರೆ ನಿಜವಾದ ಮಜಾ ಬ್ರೇಕ್ ದಾರದಲ್ಲಿ, ಅಂದರೆ ಹಿಡಿಗಳ ಕೆಳತುದಿಯಿಂದ ಕೈಟಿನ ಹಿಂದಿನ ಅಂಚಿಗೆ ಹೋಗುವ ಎರಡು ದಾರಗಳಲ್ಲಿ. ಬಲಗೈ ಹಿಡಿಯ ಕೆಳತುದಿಯನ್ನು ನಿಮ್ಮ ಕಡೆ ಎಳೆದು, ಎಡಗೈಯದ್ದನ್ನು ಸಡಿಲ ಬಿಡಿ. ಕೈಟ್ ದೊಡ್ಡ ಸುತ್ತು ಹಾಕದೆ ಇದ್ದಲ್ಲೇ ಬುಗುರಿಯ ಹಾಗೆ ತಿರುಗುತ್ತದೆ. ಅದು ಕೈಗೆ ಹತ್ತಿದ ಮೇಲೆ ಎರಡೂ ಬ್ರೇಕ್ ಎಳೆದು ಹಿಮ್ಮುಖವಾಗಿ ಇಳಿಸಿ, ಹಿಂದಿನ ಅಂಚಿನ ಮೇಲೆ ಕೂರಿಸಿ, ಅಲ್ಲಿಂದಲೇ ಮತ್ತೆ ಎಬ್ಬಿಸಿ. ನನ್ನ ಲೆಕ್ಕದಲ್ಲಿ ಕೈಟಿನ ಎಳೆತಕ್ಕೆ ಮೇಲೆ ಜಿಗಿಯುವುದಕ್ಕಿಂತ ಇದೇ ಕಷ್ಟ, ನೋಡುವವರಿಗೆ ಮಾತ್ರ ಏನೂ ಅನಿಸುವುದಿಲ್ಲ.

ಮಧ್ಯಾಹ್ನದ ಮೇಲೆ ನಮ್ಮಲ್ಲಿ ಗಾಳಿ ಸಾಮಾನ್ಯವಾಗಿ ಕಡಲಿಂದ ದಡಕ್ಕೆ, ಎಳೆತ ಗಾಳಿಮರಗಳ ಕಡೆಗೆ. ಹಾಗಾಗಿ ನೀರಂಚಿನಲ್ಲಿ ನಿಂತು ಹಾರಿಸಿ. ಇಳಿತದ ಹೊತ್ತು ನೋಡಿ ಹೋದರೆ ಮರಳು ಅಗಲ ಸಿಗುತ್ತದೆ. ಮಣಿಕಟ್ಟಿನ ಪಟ್ಟಿಯನ್ನು ಬ್ರೇಕ್ ದಾರಕ್ಕೆ ಸಿಕ್ಕಿಸಿಕೊಂಡಿರಿ, ಮಕ್ಕಳು ಅಡ್ಡ ಓಡಿ ಬಂದರೆ ಹಿಡಿ ಬಿಟ್ಟುಬಿಡಬಹುದು. ಕೈಟ್ ಎಳೆತ ಕಳೆದುಕೊಂಡು ಕೆಳಗೆ ಬೀಳುತ್ತದೆ.